ಕುಂಡ್ರೂದು ಮೊದಲ, ಉಣ್ಣೂದು ಆಮ್ಯಾಲ: ಕೂಸಿನ ಮೊದಲ ತುತ್ತಿನ ಕಥಿ



ಮನ್ಯಾಗ ಒಂದು ಕೂಸಿಗೆ ಐದನೇ ತಿಂಗಳ ಬಿತ್ತಂದ್ರ ಸಾಕು, ಮಾತು ಚಾಲೂ ಆಗತಾವ. "ಬರೇ ಹಾಲಿಂದ ಹೊಟ್ಟಿ ಎಲ್ಲಿ ತುಂಬತೈತಿ, ಏನರ ಉಣಿಸ್ರಿ" ಅಂತ ಒಬ್ಬರು. "ಹಲ್ಲ ಬರೂತನಕ ಏನೂ ಹಾಕಬ್ಯಾಡ್ರಿ, ಜಡ ಆಗತೈತಿ" ಅಂತ ಇನ್ನೊಬ್ಬರು. ಡಾಕ್ಟರು ಒಂದ ಹೇಳ್ತಾರ, ಡಬ್ಬಿ ಮ್ಯಾಲ ಒಂದ ಬರದಿರತೈತಿ, ಪುಣೆದಾಗಿರೋ ನಾದನಿ ಫೋನಿನ್ಯಾಗ ಮತ್ತೊಂದ ಹೇಳ್ತಾಳ. ನಡಬರಕ ಬಾಳಂತಿ ಕೂಸಿನ ಮಾರಿ ನೋಡಕೋತ ಸುಮ್ಮನ ಕುಂತಿರತಾಳ.

ಈ ಜಗಳ ನಮ್ಮ ನಿಮ್ಮ ಮನಿಯಾಗ ಹುಟ್ಟಿದ್ದಲ್ರಿ. ಕೂಸಿನ ಬಾಯಿಗೆ ಮೊದಲ ತುತ್ತು ಯಾವಾಗ ಇಡಬೇಕು ಅನ್ನೂದು ಎರಡು ಸಾವಿರ ವರ್ಷದ ಮಾತು. ಅಷ್ಟ ವರ್ಷದಾಗ ಈ ತುತ್ತು ಮುಂದ ಹೋಗೇತಿ, ಹಿಂದ ಬಂದೇತಿ, ಒಂದ ದೇಶದಾಗ ಅಂತೂ ಹುಟ್ಟಿದ ಮೂರನೇ ದಿವಸಕ್ಕ ಬಂದ ನಿಂತಿತ್ತು. ಕಡೀಕ ತಿರುಗಿ ಬಂದ ಮುಟ್ಟಿದ್ದು ನಮ್ಮ ಹಿರೇರು ಹೇಳಿದ ಜಾಗಾಕ್ಕ. ಆ ಕಥಿ ಇವತ್ತ ಹೇಳ್ತೀನಿ.

ಹಳೇ ಹೊತ್ತಿಗಿ ಏನ ಹೇಳತಾವ

ಹೊಸಾ ಕೂಸಿಗೆ ಮಾಡೂ ಸಂಸ್ಕಾರ ಬರದಿಟ್ಟ ಗೃಹ್ಯಸೂತ್ರಗಳೊಳಗ ಅನ್ನಪ್ರಾಶನಕ್ಕ ಆರನೇ ತಿಂಗಳ ಹೇಳ್ಯಾರ. ಮನುಸ್ಮೃತಿಯೊಳಗೂ ನಾಕನೇ ತಿಂಗಳಿಗೆ ಕೂಸನ್ನ ಮನಿ ಹೊರಗ ತರೂದು, ಆರನೇ ತಿಂಗಳಿಗೆ ಅನ್ನ ಉಣಿಸೂದು ಅಂತ ಐತಿ. ಅದರ ಜೋಡಿನ "ಇಲ್ಲಾ, ನಿಮ್ಮ ಮನಿತನದಾಗ ಹ್ಯಾಂಗ ಶುಭ ಅಂತೀರಿ ಹಂಗ ಮಾಡ್ರಿ" ಅನ್ನೂ ಅರ್ಥದ ಒಂದ ಮಾತೂ ಐತಿ. ಮನಿತನದ ರೂಢಿಗೆ ಬಾಗಿಲಾ ತಗದಿಟ್ಟಾರ ಅಂತ ಆತು. ಮುಂದ ಒಬ್ಬರ ಮನ್ಯಾಗ ಆರು, ಒಬ್ಬರ ಮನ್ಯಾಗ ಎಂಟು ಆಗಾಕ ಆ ಬಾಗಿಲಾನೂ ಒಂದ ಕಾರಣ ಅನಸತೈತಿ ನನಗ.

ವೈದ್ಯರ ಹೊತ್ತಿಗಿಯೊಳಗ ಸುಶ್ರುತ ಸಂಹಿತೆ ದೊಡ್ಡದು. ಅದರಾಗ ಆರನೇ ತಿಂಗಳಿಗೆ ಕೂಸಿಗೆ ಹಗೂರಾದ, ಹಿತ ಆಗೂವಂಥಾ ಅನ್ನ ಕೊಡ್ರಿ ಅಂತ ಹೇಳೇತಿ. ಅದ ಅಧ್ಯಾಯದಾಗ ಇನ್ನೊಂದ ಮಾತ ಐತಿ: ತಾನಾಗಿ ಕುಂಡ್ರಾಕ ಬಲಾ ಬಂದಿರಲಾರದ ಕೂಸನ್ನ ಜುಲುಮಿಯಿಂದ ಕುಂಡ್ರಿಸಬ್ಯಾಡ್ರಿ, ಬೆನ್ನ ಗೂನ ಆದೀತು ಅಂತ. ಈ ಎರಡು ಮಾತು ಜೋಡಿಸಿ ನೋಡ್ರಿ. ತಿಂಗಳ ಎಣಿಸೂದರ ಜೋಡಿ ಕೂಸಿನ ಮೈಯನ್ನೂ ನೋಡ್ತಿದ್ರು ಅಂತ ತಿಳೀತೈತಿ.

ಕೂಸುಗಳ ವೈದ್ಯಕ್ಕಂತನ ಇದ್ದ ಇನ್ನೊಂದ ಹೊತ್ತಿಗಿ ಕಾಶ್ಯಪ ಸಂಹಿತೆ. ಭಾಳ ವರ್ಷ ಅದು ಕಳದ ಹೋಗಿತ್ತು. ನೇಪಾಳದಾಗ ಸಿಕ್ಕ ತಾಡೋಲೆ ಪ್ರತಿಯಿಂದ 1938ರಾಗ ಅಚ್ಚಾತು. ಅದರ ದಾರಿ ಬ್ಯಾರೆ. ಆರನೇ ತಿಂಗಳಿಗೆ ಮೊದಲ ಹಣ್ಣು, ಧಾನ್ಯದ ಅನ್ನ ಆಮ್ಯಾಲ, ಹಲ್ಲ ಬಂದ ಮ್ಯಾಲ, ಹತ್ತನೇ ತಿಂಗಳ ಸುಮಾರಿಗೆ. "ಹಲ್ಲ ಬರೂತನಕ ಬ್ಯಾಡ" ಅನ್ನೂ ನಮ್ಮ ಆಯಿಗೋಳ ಮಾತಿಗೂ ಒಂದ ಹಳೇ ಬೇರ ಐತಿ ಅಂತ ಇದರಿಂದ ಗೊತ್ತಾಗತೈತಿ. ಆದ್ರ ಕಾಶ್ಯಪದಾಗೂ ಹತ್ತನೇ ತಿಂಗಳ ತನಕ ಬಾಯಿ ಬರಿದು ಇಡ್ರಿ ಅಂತಿಲ್ಲ. ಹಣ್ಣಂತೂ ಆರಕ್ಕ ಬಂದೇತಿ. ನಮ್ಮ ಮಂದಿ ಹಲ್ಲಿನ ಮಾತ ನೆನಪಿಟ್ಟರು, ಹಣ್ಣಿನ ಮಾತ ಮರತರು.

ಜಿನಸೇನರು ಹೇಳಿದ ಸಾಲು

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಜೈನರ ಮನಿ ಭಾಳ. ಅವರ ಬಸದಿಯೊಳಗ, ಪ್ರವಚನದಾಗ ಆದಿಪುರಾಣದ ಹೆಸರ ಕೇಳಿರತೀರಿ. ಸಂಸ್ಕೃತದಾಗ ಅದನ್ನ ಬರದವರು ಜಿನಸೇನಾಚಾರ್ಯರು, 9ನೇ ಶತಮಾನದಾಗ. ಆವಾಗ ಆಳ್ತಿದ್ದಾಂವ ರಾಷ್ಟ್ರಕೂಟರ ಅಮೋಘವರ್ಷ. ಅವನ ರಾಜಧಾನಿ ಮಾನ್ಯಖೇಟ, ಅಂದ್ರ ಈಗಿನ ಕಲಬುರಗಿ ಜಿಲ್ಲಾದ ಮಳಖೇಡ. ಜಿನಸೇನರಂದ್ರ ನಮ್ಮ ನಾಡಿಗೆ ಹತ್ತಿದವರ.

ಆ ಪುರಾಣದಾಗ ಗರ್ಭದಿಂದ ಹಿಡದ ಮುಂದ ಮಾಡೂ 53 ಕ್ರಿಯಾಗಳ ಸಾಲ ಐತಿ. ಕೂಸು ಹುಟ್ಟಿದ ಮ್ಯಾಲ ಬರೂವು ಇಷ್ಟ: ನಾಮಕರ್ಮ, ಅಂದ್ರ ಹೆಸರಿಡೂದು. ಬಹಿರ್ಯಾನ, ಮನಿ ಹೊರಗ ತರೂದು. ನಿಷದ್ಯಾ, ಕುಂಡ್ರಿಸೂದು. ಪ್ರಾಶನ, ಉಣಿಸೂದು. ವ್ಯುಷ್ಟಿ, ವರ್ಷ ತುಂಬೂದು. ಕೇಶವಾಪ, ನಮ್ಮ ಜಾವಳ. ಆಮ್ಯಾಲ ಅಕ್ಷರ ಕಲಸೂದು.

ಈ ಸಾಲಿನ್ಯಾಗ ನನಗ ಭಾಳ ಹಿಡಿಸಿದ್ದು ನಿಷದ್ಯಾ. ಕೂಸನ್ನ ಕುಂಡ್ರಿಸೂದಕ್ಕೂ ಒಂದ ಬ್ಯಾರೆ ಕ್ರಿಯಾ ಇಟ್ಟಾರ. ಅದನ್ನ ಇಟ್ಟದ್ದು ಎಲ್ಲಿ? ಉಣಿಸೂದರ ಬರಾಬರಿ ಮೊದಲ. ಕುಂಡ್ರೂದು ಆತು, ಇನ್ನ ಉಣಿಸ್ರಿ. ಸಾವಿರದ ನೂರು ವರ್ಷದ ಹಿಂದ ಬರದ ಈ ಸಾಲು ಈಗಿನ ಮಕ್ಕಳ ಡಾಕ್ಟರು ಹೇಳೂ ಸಾಲಿಗೆ ಕೂಡೇ ಕೂಡತೈತಿ.

ಕುಂಡ್ರೂದಕ್ಕೂ ಉಣ್ಣೂದಕ್ಕೂ ಏನ ಸಂಬಂಧ

ಹುಟ್ಟಿದ ಕೂಸಿಗೆ ಹಾಲ ಕುಡಿಯೂದ ಅಷ್ಟ ಗೊತ್ತಿರತೈತಿ. ಮೊಲಿ ಬಿಟ್ಟು ಬ್ಯಾರೆ ಏನ ಬಾಯಾಗ ಹೋದ್ರೂ ಅದರ ನಾಲಿಗಿ ಹೊರಗ ನೂಕತೈತಿ. ಇದು ಹಟ ಅಲ್ಲ. ಬ್ಯಾರೆ ಪದಾರ್ಥ ಗಂಟಲಕ್ಕ ಹೋಗಿ ಸಿಗಬಾರದಂತ ದೇವರ ಇಟ್ಟ ಕಾವಲು. ನಾಕರಿಂದ ಆರು ತಿಂಗಳದಾಗ ಈ ನೂಕೂದು ಸಾವಕಾಶ ಕಡಿಮಿ ಆಗತೈತಿ. ಅದ ವ್ಯಾಳ್ಯಾದಾಗ ಕುತಗಿ ಗಟ್ಟಿ ಆಗತೈತಿ, ಸೊಂಟಕ್ಕ ಬಲಾ ಬರತೈತಿ, ಕೈಗೆ ಸಿಕ್ಕದ್ದು ಬಾಯಿಗೆ ಹೋಗತೈತಿ. ಕುತಗಿ ನೆಟ್ಟಗ ನಿಂತ್ರ ತುತ್ತು ಗಂಟಲದಾಗ ಸುರಳೀತ ಇಳೀತೈತಿ. ಮಲಗಿಸಿ ಉಣಿಸಿದ್ರ, ಇಲ್ಲಾ ಜೋಲೀ ಹೊಡೆಯೂ ಕೂಸಿಗೆ ಉಣಿಸಿದ್ರ ಶ್ವಾಸದ ದಾರಿಗೆ ಹೋಗೂ ಭಯ.

ಇನ್ನೊಂದು ಹೊಟ್ಟಿ ಒಳಗಿನ ಲೆಕ್ಕ. ತಾಯಿ ಹೊಟ್ಟಿಯೊಳಗಿದ್ದಾಗ ಕೂಸು ಕಬ್ಬಿಣದ ಅಂಶ ತನ್ನ ಮೈಯಾಗ ಕೂಡಿಟ್ಟಗೊಂಡ ಬಂದಿರತೈತಿ. ಎದಿಹಾಲಿನ್ಯಾಗ ಕಬ್ಬಿಣ ಕಡಿಮಿ. ಕೂಡಿಟ್ಟದ್ದು ಸುಮಾರು ಆರು ತಿಂಗಳಕ್ಕ ತೀರತಾ ಬರತೈತಿ. ಮೈ ಬೆಳಿಯೂ ವೇಗಕ್ಕ ಹಾಲಷ್ಟ ಸಾಲೂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಾಗ ಆರರಿಂದ ಎಂಟು ತಿಂಗಳ ಕೂಸಿಗೆ ಎದಿಹಾಲು ಬಿಟ್ಟು ಮ್ಯಾಲಿನ ಊಟದಿಂದ ದಿನಕ್ಕ ಸುಮಾರು 200 ಕ್ಯಾಲರಿ ಬೇಕು, ಒಂಬತ್ತರಿಂದ ಹನ್ನೊಂದಕ್ಕ 300, ವರ್ಷ ದಾಟಿದ ಮ್ಯಾಲ 550. ಅಂದ್ರ ಕೂಸಿಗೆ ತುತ್ತು ಬೇಕಾಗೂ ಹೊತ್ತು, ಅದು ಕುಂಡ್ರಾಕ ಕಲಿಯೂ ಹೊತ್ತು, ಎರಡೂ ಒಂದ ಸುಮಾರಿಗೆ ಬರತಾವ. ನಿಷದ್ಯಾ, ಆಮ್ಯಾಲ ಪ್ರಾಶನ.

ನಮ್ಮ ಕಡೆ ಆದದ್ದೇನು

ನಮ್ಮ ಗಡಿಭಾಗದಾಗ ಮರಾಠಿ ಮನಿಯವರು ಇದಕ್ಕ ಉಷ್ಟಾವಣ ಅಂತಾರ. ಕನ್ನಡ ಮನ್ಯಾಗೂ ಆ ಮಾತ ಎಷ್ಟೋ ಮಂದಿ ಆಡ್ತಾರ. ಉಷ್ಟ ಅಂದ್ರ ಎಂಜಲು. ಅಲ್ಲೀತನಕ ಕೂಸಿನ ಬಾಯಿ ಎಂಜಲಾಗಿರೂದಿಲ್ಲ, ಅವತ್ತ ಮೊದಲ ಸಲ ಆಗತೈತಿ. ಮಾಮಾನ ತೊಡಿ ಮ್ಯಾಲ ಕೂಸನ್ನ ಕುಂಡ್ರಿಸಿ, ಬೆಳ್ಳಿ ವಾಟಿಯೊಳಗಿನ ಖೀರಿನ್ಯಾಗ ಉಂಗುರ ಅದ್ದಿ ನಾಲಿಗಿಗೆ ಹಚ್ಚತಾರ. ಫೋಟೋ ತಗೀತಾರ, ಎಲ್ಲಾರೂ ಉಂಡ ಹೋಗತಾರ.

ಛಲೋನ ಐತಿ. ಆದ್ರ ಮರುದಿವಸ ಏನಾಗತೈತಿ? ಭಾಳ ಮನ್ಯಾಗ ಏನೂ ಆಗೂದಿಲ್ಲ. ಶಾಸ್ತ್ರ ಮುಗೀತು, ವಾಟಿ ತೊಳದ ಕಪಾಟಿನ್ಯಾಗ ಇಟ್ಟರು, ಕೂಸು ಮತ್ತ ಹಾಲಿಗೆ ಹೋತು. ಎಂಟಕ್ಕೋ ಒಂಬತ್ತಕ್ಕೋ ಹಲ್ಲ ಕಂಡಾಗ ಬ್ಯಾಳಿ ಮ್ಯಾಲಿನ ತಿಳಿ ನೀರ ಕುಡಿಸಿದ್ರು. ಇನ್ನ ಕೆಲವರ ಮನ್ಯಾಗ ಶಾಸ್ತ್ರ ಆಗೂದನ ತಡಾ. ಮಾಮಾ ಊರಿಂದ ಬರಲಿಲ್ಲ, ಆಷಾಢ ಬಂತು, ಮನ್ಯಾಗ ಸೂತಕ ಬಂತು, ಮುಹೂರ್ತ ಸಿಗಲಿಲ್ಲ. ಶಾಸ್ತ್ರ ಆಗದ ಉಣಿಸಬಾರದಂತ ಕೂಸು ಕಾಯಕೋತ ಕೂಡತೈತಿ. ಅನ್ನಪ್ರಾಶನ ಇಟ್ಟದ್ದು ಉಣ್ಣೂದು ಚಾಲೂ ಆಗಲಿ ಅಂತ. ಉಣ್ಣೂದನ್ನ ತಡದ ನಿಲ್ಲಸಲಿ ಅಂತ ಇಟ್ಟದ್ದಲ್ಲ.

ಇದರ ಉಲ್ಟಾನೂ ನಮ್ಮ ಕಡೆ ಐತಿ. ಹುಟ್ಟಿದ ದಿನಾನ ಜೇನತುಪ್ಪ ನೆಕ್ಕಿಸೂದು, ಬೆಲ್ಲದ ನೀರ ಹಾಕೂದು, ಸಾಣಿಕಲ್ಲಿನ ಮ್ಯಾಲ ಬಜಿ, ಜಾಜಿಕಾಯಿ ತೇದು ದಿನಾ ಗುಟ್ಟಿ ಕುಡಿಸೂದು. ಆರು ತಿಂಗಳ ತನಕ ಏನೂ ಕೊಡಬಾರದ ಹೊತ್ತಿನ್ಯಾಗ ಇಷ್ಟೆಲ್ಲಾ ಕೊಟ್ಟು, ಕೊಡಲೇಬೇಕಾದ ಹೊತ್ತಿನ್ಯಾಗ ಕೈ ಹಿಂದ ಎಳಕೊಳ್ಳೂದು. ಜೇನತುಪ್ಪದ ಮಾತಂತೂ 1976ರಿಂದ ಡಾಕ್ಟರಿಗೆ ಸ್ಪಷ್ಟ ಆಗೇತಿ. ಆ ವರ್ಷ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಕೂಸುಗಳಿಗೆ ಮೈ ಸಡಲ ಬೀಳೂ ಒಂದ ಬ್ಯಾನಿ ಗುರ್ತಿಸಿದ್ರು, ಬೊಟುಲಿಸಂ ಅಂತ. ಮುಂದ ಅದರ ಒಂದ ಮೂಲ ಜೇನತುಪ್ಪ ಅಂತ ಗೊತ್ತಾತು. ವರ್ಷ ತುಂಬೂತನಕ ಜೇನತುಪ್ಪ ಬ್ಯಾಡ ಅನ್ನೂದು ಅಲ್ಲಿಂದ ಬಂದ ಮಾತು.

ಡಬ್ಬಿ ಬಂದ ಕಥಿ

ಈಗ ಸಮುದ್ರದ ಆಚಿಗೆ ಹೋಗೋಣ, ಯಾಕಂದ್ರ ಡಬ್ಬಿ ಬಂದದ್ದು ಅಲ್ಲಿಂದ. 1865ರಾಗ ಜರ್ಮನಿಯ ಲೀಬಿಗ್ ಅನ್ನೂ ರಸಾಯನಶಾಸ್ತ್ರದವರು ಕೂಸಿಗೆ ಕೊಡೂ ಒಂದ ಆಹಾರ ತಯಾರ ಮಾಡಿದ್ರು. 1867ರಾಗ ಸ್ವಿಜರ್ಲೆಂಡದಾಗ ಹೆನ್ರಿ ನೆಸ್ಲೆ ಹಾಲು, ಗೋದಿಹಿಟ್ಟು, ಸಕ್ಕರಿ ಕೂಡಿಸಿ ಪುಡಿ ಮಾಡಿ ಮಾರಾಕ ಹತ್ತಿದ್ರು. ತಾಯಿ ಇಲ್ಲದ, ಹಾಲಿಲ್ಲದ ಕೂಸಿಗೆ ಜೀವ ಉಳಿಸೂ ದಾರಿ ಅಂತ ಸುರು ಆದದ್ದು, ಸಾವಕಾಶ ಎಲ್ಲಾ ಕೂಸಿಗೂ ಅಂತ ಆತು.

ತುತ್ತಿನ ಕಥಿನೂ ಹಂಗ. ನೂರ ವರ್ಷದ ಹಿಂದ ಅಮೆರಿಕಾದ ಡಾಕ್ಟರು ವರ್ಷದ ಸುಮಾರು ಆಗೂತನಕ ಗಟ್ಟಿ ಪದಾರ್ಥ ಕೊಡಾಕ ಅಂಜತಿದ್ರು. 1928ರಾಗ ಮಿಶಿಗನ್ ರಾಜ್ಯದ ಫ್ರೀಮಾಂಟ್ ಊರಿನ ಗರ್ಬರ್ ಮನಿತನದವರು, ಮೊದಲ ಡಬ್ಬಿಯೊಳಗ ಹಣ್ಣು ಕಾಯಿಪಲ್ಲೆ ತುಂಬೂ ಧಂದೆ ಇದ್ದವರು, ಸೋಸಿದ ಬಟಾಣಿ, ಗಜ್ಜರಿ ಕೂಸಿಗಂತ ಡಬ್ಬಿಯೊಳಗ ಮಾರಿದ್ರು. ಅವರ ಏಳು ತಿಂಗಳ ಮಗಳಿಗೆ ಮನ್ಯಾಗ ಬಟಾಣಿ ಸೋಸಿ ಸೋಸಿ ತಾಯಿಗೆ ಸಾಕಾಗಿತ್ತು ಅಂತ ಆ ಕಥಿ ಹೇಳ್ತಾರ. ಡಬ್ಬಿ ಸಿಗಾಕ ಹತ್ತಿದ ಮ್ಯಾಲ ವಯಸ್ಸು ಇಳಿಯಾಕ ಹತ್ತು. ಆರು ತಿಂಗಳ, ನಾಕ ತಿಂಗಳ, ಎರಡು ತಿಂಗಳ. ಮಯಾಮಿ ಊರಿನ ವಾಲ್ಟರ್ ಸ್ಯಾಕೆಟ್ ಅನ್ನೂ ಡಾಕ್ಟರು ಅಂತೂ 1962ರ ತಮ್ಮ ಪುಸ್ತಕದಾಗ ಹುಟ್ಟಿದ ಎರಡ-ಮೂರನೇ ದಿನಕ್ಕ ಧಾನ್ಯದ ಗಂಜಿ ಚಾಲೂ ಮಾಡ್ರಿ ಅಂದ್ರು. ಕೂಸಿನ ನಾಲಿಗಿ ಬ್ಯಾಡ ಬ್ಯಾಡ ಅಂತ ಹೊರಗ ನೂಕತಿದ್ರೂ!

ಚಿಕ್ಕೋಡಿ ತಾಲೂಕು 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಾಗಿತ್ತು. ಮುಂಬೈ, ಪುಣೆಯ ಪೇಪರು, ಸಾಮಾನು, ಫ್ಯಾಶನ್ ಎಲ್ಲಾ ನಮ್ಮ ಕಡೆ ಲಗೂನ ಬರತಿದ್ದುವು. ಗ್ಲ್ಯಾಕ್ಸೊ ಹಾಲಿನ ಪುಡಿ, ಫ್ಯಾರೆಕ್ಸ್ ಅನ್ನೂ ಹೆಸರು ಹಂಗ ಬಂದುವು. ಗುಂಡಗಿನ ಕೂಸಿನ ಚಿತ್ರ ಇದ್ದ ಡಬ್ಬಿ ಮನ್ಯಾಗಿದ್ರ ಶ್ರೀಮಂತರು ಅಂತ ಲೆಕ್ಕ. ಖಾಲಿ ಆದ ಮ್ಯಾಲ ಅದ ಡಬ್ಬಿಯೊಳಗ ಸಾಸಿವಿ, ಜೀರಗಿ ಇಡತಿದ್ರು.

ಇದರಾಗ ನಮ್ಮ ನಾಡಿನವರದೂ ಒಂದ ಪಾಲ ಐತಿ. ಮೈಸೂರಿನ ಸಿ.ಎಫ್.ಟಿ.ಆರ್.ಐ., ಅಂದ್ರ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, 1950ರಾಗ ಚೆಲುವಾಂಬ ವಿಲಾಸ ಅರಮನಿಯೊಳಗ ಚಾಲೂ ಆತು. ಹೊರದೇಶದ ಪುಡಿ ಎಲ್ಲಾ ಆಕಳ ಹಾಲಿಂದು. ನಮ್ಮ ದೇಶದಾಗ ಎಮ್ಮಿ ಹಾಲ ಹೆಚ್ಚ, ಅದರಾಗ ಜಿಡ್ಡು ಹೆಚ್ಚ, ಕೂಸಿನ ಹೊಟ್ಟಿಗೆ ಭಾರ. ಆ ಹಾಲನ್ನ ಕೂಸಿಗೆ ಒಗ್ಗೂವಂಥಾ ಪುಡಿ ಮಾಡೂ ವಿಧಾನ ಸಿ.ಎಫ್.ಟಿ.ಆರ್.ಐ. ತಯಾರ ಮಾಡ್ತು, ಗುಜರಾತದ ಆಣಂದದ ಅಮುಲ್‌ನವರು 1960ರ ಸುಮಾರಿಗೆ ಅದನ್ನ ಪ್ಯಾಟಿಗೆ ತಂದ್ರು. ಪರದೇಶದ ಡಬ್ಬಿಗೆ ಕೊಡೂ ರೊಕ್ಕ ಉಳೀತು.

ಆದ್ರ ಡಬ್ಬಿ ಯಾರದಿದ್ರೂ ತೊಂದ್ರಿ ಒಂದ. ನೀರ ಸ್ವಚ್ಛ ಇಲ್ಲ, ಬಾಟಲಿ ಕುದಿಸಾಕ ಉರವಲಿಲ್ಲ, ಡಬ್ಬಿ ತುಟ್ಟಿ ಅಂತ ನಾಕ ಚಮಚಾ ಹಾಕೂ ಕಡೆ ಒಂದ ಹಾಕೂದು. 1939ರಾಗ ಸಿಂಗಾಪುರದ ರೋಟರಿ ಕ್ಲಬ್ಬಿನ್ಯಾಗ ಸಿಸಿಲಿ ವಿಲಿಯಮ್ಸ್ ಅನ್ನೂ ಡಾಕ್ಟರ್ ಬಾಯಿ ಇದನ್ನ ಖಡಕ್ ಮಾತಿನ್ಯಾಗ ಹೇಳಿದ್ರು. ತಪ್ಪು ಪ್ರಚಾರ ಮಾಡಿ ತಾಯಿ ಹಾಲ ಬಿಡಸೂದು ಕೂಸಿನ ಕೊಲಿಗೆ ಸಮ ಅನ್ನೂದು ಅವರ ಮಾತಿನ ತಿರುಳು.

ಯಾರ ಕುಂತ ಉಣಿಸಬೇಕು

ತಾಯಿಗೆ ವ್ಯಾಳ್ಯಾ ಇದ್ರ ಇದೆಲ್ಲಾ ಮಾತು. ನಿಪ್ಪಾಣಿಯ ತಂಬಾಕದ ವಖಾರಿಗೆ ಹೋಗೂ ಹೆಣ್ಣಮಕ್ಕಳು, ಮನಿಯಾಗ ಮರದಾಗ ಎಲಿ ತಂಬಾಕ ಇಟ್ಟಕೊಂಡ ಬೀಡಿ ಕಟ್ಟೂವರು, ಕಬ್ಬು ಕಡಿಯಾಕ ಊರೂರ ತಿರಗೂವರು, ಇವರ ಕೂಸಿಗೆ ದಿನಕ್ಕ ಮೂರ ಸಲ ಯಾರ ಉಣಿಸಬೇಕು? ಸಣ್ಣ ಅಕ್ಕನ ಕೈಯಾಗ ಕೂಸು, ಕೂಸಿನ ಕೈಯಾಗ ಒಂದ ಬಿಸ್ಕೀಟು. ಹಳೇ ಮುಂಬೈ ಗಿರಣಿ ಕೆಲಸದ ಹೆಣ್ಣಮಕ್ಕಳು ಕೂಸು ಮಲಗಿರಲಿ ಅಂತ ಅಫೀಮಿನ ಸಣ್ಣ ಗುಳಿಗಿ ಕೊಡತಿದ್ರು ಅಂತ 1920ರ ದಶಕದ ಲೇಡಿ ಡಾಕ್ಟರು ಬರದಿಟ್ಟಾರ. ಹಸಿವಿಗೆ ತುತ್ತಿಲ್ಲ, ನಿದ್ದಿ ಕೊಟ್ಟರು.

ಕಾಯಿದೆ ಸಾವಕಾಶ ಬಂದುವು. ಮುಂಬೈ ಪ್ರಾಂತದಾಗ ಬಾಳಂತಿಯರಿಗಂತ ಮೊದಲ ಕಾಯಿದೆ 1929ರಾಗ ಬಂತು. ಇಡೀ ದೇಶಕ್ಕ 1961ರಾಗ, ಹನ್ನೆರಡು ವಾರದ ರಜಾ. ಬೀಡಿ ಕೆಲಸದವರಿಗೆ 1966ರ ಕಾಯಿದೆಯೊಳಗ, ಹೆಣ್ಣಮಕ್ಕಳು ಹೆಚ್ಚಿರೋ ಕಾರಖಾನಿಯಾಗ ಕೂಸು ಬಿಡಾಕ ಒಂದ ಖೋಲಿ ಇರಬೇಕು ಅಂತ ಆತು. 2017ರಾಗ ಬಾಳಂತನದ ರಜಾ 26 ವಾರ ಆತು. 26 ವಾರ ಅಂದ್ರ ಎಷ್ಟ ತಿಂಗಳ? ಆರು! ಹೊತ್ತಿಗಿಯ ಆರು ತಿಂಗಳ ಸರಕಾರದ ಕಾಗದದಾಗ ಬರಾಕ ಇಷ್ಟ ವರ್ಷ ಹಿಡೀತು. ಅದೂ ಪಗಾರದ ನೌಕರಿ ಇದ್ದವರಿಗೆ. ಮನ್ಯಾಗ ಬೀಡಿ ಕಟ್ಟೂವರಿಗೆ, ಹೊಲದಾಗ ಕೂಲಿ ಮಾಡೂವರಿಗೆ ರಜಾ ಯಾರ ಕೊಡತಾರ? ಈಚೀಗೆ ಗ್ರಾಮ ಪಂಚಾಯತಿಗೋಳು "ಕೂಸಿನ ಮನೆ" ಅಂತ ತಗದಾವ. ನಿಮ್ಮೂರಾಗ ಇದ್ರ ಹೋಗಿ ನೋಡ್ರಿ, ಉಣಿಸೂ ಹೊತ್ತಿಗೆ ಉಣಿಸ್ತಾರೇನು ಕೇಳ್ರಿ.

ಮತ್ತ ಆರಕ್ಕ ಬಂದ ನಿಂತದ್ದು

ಹೊರದೇಶದಾಗ ಲಗೂ ಉಣಿಸಿದ್ದರ ತೊಂದ್ರಿ ಕಾಣಾಕ ಹತ್ತಿದ ಮ್ಯಾಲ 1974ರಾಗ ಬ್ರಿಟನ್ ಸರಕಾರದ ವರದಿ ನಾಕ ತಿಂಗಳದ ಒಳಗ ಗಟ್ಟಿ ಪದಾರ್ಥ ಬ್ಯಾಡ ಅಂತು. 1981ರ ಮೇ ತಿಂಗಳದಾಗ ಜಿನೀವಾದಾಗ ಹಾಲಿನ ಪುಡಿ ಮಾರೂವರಿಗೆ ಒಂದ ಕಟ್ಟಳಿ ಮಾಡಿದ್ರು. 118 ದೇಶ ಹೂಂ ಅಂದುವು, ಬ್ಯಾಡ ಅಂದದ್ದು ಅಮೆರಿಕಾ ಒಂದ. ನಮ್ಮ ದೇಶ 1992ರಾಗ ತನ್ನ ಕಾಯಿದೆ ಮಾಡ್ತು. ಹಾಲಿನ ಪುಡಿ ಡಬ್ಬಿ ಮ್ಯಾಲ ಆ ಗುಂಡಗಿನ ಕೂಸಿನ ಚಿತ್ರ ಈಗ ಯಾಕ ಕಾಣೂದಿಲ್ಲ ಅಂದ್ರ ಈ ಕಾಯಿದೆಯಿಂದ.

ಆವಾಗೂ ಮಾತು "ನಾಕರಿಂದ ಆರು ತಿಂಗಳ" ಅಂತ ತೂಗಾಡತಿತ್ತು. 1994ರಾಗ ಮಧ್ಯ ಅಮೆರಿಕಾದ ಹೊಂಡುರಾಸ್ ದೇಶದಾಗ ಮಾಡಿದ ಒಂದ ಅಭ್ಯಾಸದ ಫಲ ಹೊರಗ ಬಂತು. ಕೆಲವು ಕೂಸಿಗೆ ನಾಕ ತಿಂಗಳಿಂದ ಸ್ವಚ್ಛ ತುತ್ತು ಕೊಟ್ರು, ಕೆಲವಕ್ಕ ಆರು ತಿಂಗಳ ತನಕ ಬರೇ ಎದಿಹಾಲು. ನಾಕಕ್ಕ ಉಂಡ ಕೂಸು ಹೆಚ್ಚ ಬೆಳೀಲಿಲ್ಲ. ತುತ್ತು ತಿಂದಷ್ಟ ಹಾಲ ಕಡಿಮಿ ಕುಡಿದುವು, ಅಷ್ಟ. 2001ರಾಗ ವಿಶ್ವ ಆರೋಗ್ಯ ಸಭೆ ಪೂರಾ ಆರು ತಿಂಗಳ ಎದಿಹಾಲು, ಆಮ್ಯಾಲ ತುತ್ತು ಅಂತ ಠರಾವ ಮಾಡ್ತು. 2003ರಾಗ ನಮ್ಮ ಕಾಯಿದೆಯೊಳಗೂ ಕೂಸಿನ ಆಹಾರದ ಮಾತಿನ್ಯಾಗ ನಾಕ ತಿಂಗಳ ಅನ್ನೂದು ಹೋಗಿ ಆರು ತಿಂಗಳ ಅಂತ ಆತು. ಸುಶ್ರುತರ ಆರು, ಊರೆಲ್ಲಾ ತಿರಗಿ ಮನಿಗೆ ಬಂತು.

ಆದ್ರ ನಮ್ಮ ಕೂಸುಗಳ ಲೆಕ್ಕ ನೋಡಿದ್ರ ಎದಿ ಝಲ್ ಅಂತೈತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಾಗ ಆರರಿಂದ ಎಂಟು ತಿಂಗಳ ಕೂಸುಗಳೊಳಗ ಎದಿಹಾಲಿನ ಜೋಡಿ ತುತ್ತೂ ಸಿಗೂವು ಶೇ. 45.9. ಅದರ ಹಿಂದಿನ 2015–16ರ ಸಮೀಕ್ಷೆಯೊಳಗ ಶೇ. 42.7 ಇತ್ತು. ಅಂದ್ರ ಅರ್ಧಕ್ಕಿಂತ ಹೆಚ್ಚ ಕೂಸಿಗೆ ಹೊತ್ತಿಗೆ ಸರಿಯಾಗಿ ಇವೆರಡೂ ಕೂಡಿ ಸಿಗವಲ್ಲವು. ಅವರದು ಲಗೂ ಉಣಿಸಿದ ತಪ್ಪು, ನಮ್ಮದು ತಡಾ ಮಾಡೂ ತಪ್ಪು. ಕೂಸು ಬಡಕಲಾದ ಮ್ಯಾಲ ಟಾನಿಕ್ ಹುಡಕತೀವಿ.

ಇದಕ್ಕಂತನ ಅಂಗನವಾಡಿ ಐತಿ. 1975ರ ಅಕ್ಟೋಬರ್ 2ಕ್ಕ ದೇಶದಾಗ 33 ಕಡೆ ಆ ಯೋಜನೆ ಚಾಲೂ ಆದಾಗ ನಮ್ಮ ರಾಜ್ಯದಾಗ ಮೊದಲ ಬಂದದ್ದು ಮೈಸೂರ ಜಿಲ್ಲಾದ ಟಿ. ನರಸೀಪುರಕ್ಕ. ಈಗ ಆರು ತಿಂಗಳ ತುಂಬಿದ ಕೂಸಿಗೆ ಅಲ್ಲಿಂದ ಮನಿಗೆ ಆಹಾರ ಕೊಡತಾರ. 2018ರಾಗ ಪೋಷಣ ಅಭಿಯಾನ ಬಂದ ಮ್ಯಾಲ ಅಂಗನವಾಡಿಯೊಳಗ ಅನ್ನಪ್ರಾಶನನೂ ಮಾಡ್ತಾರ. ಮಾಮಾ ಬರದಿದ್ರೂ, ಮುಹೂರ್ತ ಸಿಗದಿದ್ರೂ ಅಲ್ಲಿ ನಡೀತೈತಿ. ನಮ್ಮ ಹಳೇ ಶಾಸ್ತ್ರವನ್ನ ಅದರ ಅಸಲಿ ಕೆಲಸಕ್ಕ ಹಚ್ಚಿದ್ದು ನನಗಂತೂ ಭಾಳ ಛಲೋ ಅನಸ್ತು.

ಹಂಗಾದ್ರ ನೋಡೂದೇನು, ಮಾಡೂದೇನು

ಆರು ತಿಂಗಳ ಹತ್ತರ ಬಂದಾಗ ಕೂಸನ್ನ ನೋಡ್ರಿ. ಆಸರ ಕೊಟ್ಟ ಕುಂಡ್ರಿಸಿದ್ರ ಕುಂಡ್ರತೈತೇನು? ಕುತಗಿ ಜೋಲೀ ಹೊಡೆಯದ ನಿಲ್ಲತೈತೇನು? ಕೈಗೆ ಸಿಕ್ಕದ್ದನ್ನ ಬಾಯಿಗೆ ಒಯ್ಯತೈತೇನು? ನೀವು ಉಣ್ಣೂದನ್ನ ಆಸಿಯಿಂದ ನೋಡಿ ಬಾಯಿ ತಗೀತೈತೇನು? ಒಂದ ಚೂರ ನಾಲಿಗಿ ಮ್ಯಾಲ ಇಟ್ರ ನುಂಗತೈತೋ, ನೂಕತೈತೋ? ಇವೆಲ್ಲಾ ಕೂಡಿ ಬಂದಿದ್ರ ಕೂಸು ತಯಾರ ಆತು. ಮುಟಗಿ ಚೀಪೂದು, ರಾತ್ರಿ ಏಳೂದು, ಜೊಲ್ಲ ಸುರಿಸೂದು, ಇವು ಒಂದೊಂದ ನೋಡಿ ನಾಕನೇ ತಿಂಗಳಿಗೆ ಅವಸರ ಮಾಡಬ್ಯಾಡ್ರಿ. ಹಲ್ಲಿಗೆ ಕಾಯಬ್ಯಾಡ್ರಿ, ವಸಡಿನಿಂದನ ಅದು ಅರೀತೈತಿ. ತಿಂಗಳ ತುಂಬದ ಹುಟ್ಟಿದ ಕೂಸು, ತೂಕ ಕಡಿಮಿ ಇದ್ದದ್ದು, ಆರು ತುಂಬಿದ್ರೂ ಕುತಗಿ ನಿಲ್ಲದ್ದು ಇದ್ರ ಡಾಕ್ಟರನ್ನ ಕೇಳಿ ಮಾಡ್ರಿ.

ಮೊದಲ ಎರಡ-ಮೂರ ಚಮಚಾ, ದಿನಕ್ಕ ಎರಡ ಸಲ. ಸಾವಕಾಶ ಅರ್ಧ ವಾಟಿ, ಎರಡರಿಂದ ಮೂರ ಸಲ. ಒಂಬತ್ತು ತಿಂಗಳಿಂದ ಮೂರ-ನಾಕ ಸಲ. ಎದಿಹಾಲು ಬಿಡಸಬ್ಯಾಡ್ರಿ, ಎರಡು ವರ್ಷದ ತನಕ, ಅದಕ್ಕೂ ಮುಂದ ನಡೀಲಿ. ಹೆಸರಬ್ಯಾಳಿ-ಅಕ್ಕಿ ಹುರದ ಒಡಸಿ ಮಾಡಿದ ಖಿಮಟಿ, ಮ್ಯಾಲ ಒಂದಿಷ್ಟ ತುಪ್ಪ, ಇದಕ್ಕಿಂತ ಛಲೋ ಡಬ್ಬಿ ಯಾವದೂ ಇಲ್ಲ. ಬ್ಯಾಳಿ ತಿಳಿ ಅಲ್ರಿ, ಬ್ಯಾಳಿನ ಹಿಚಕಿ ಕೊಡ್ರಿ. ಚಮಚಾ ಓರೆ ಮಾಡಿದ್ರ ಸುರದ ಹೋಗಬಾರದು, ಅಷ್ಟ ದಪ್ಪ ಇರಲಿ. ನೀರಿನ್ಯಾಗ ಹೊಟ್ಟಿ ತುಂಬತೈತಿ, ಮೈ ತುಂಬೂದಿಲ್ಲ.

ನಾಚಣಿ ಅಂಬಲಿ ಕುದಿಸಿದ್ರ ಲಗೂ ಗಟ್ಟಿ ಆಗತೈತಿ, ನೀರ ಹಾಕಿದ್ರ ಸತ್ವ ಕಡಿಮಿ. ಇದಕ್ಕ ಮೊಳಕಿ ದಾರಿ ಐತಿ. ನಾಚಣಿ ನೆನಿಸಿ, ಅರಿವ್ಯಾಗ ಕಟ್ಟಿ ಮೊಳಕಿ ಬರಿಸಿ, ಒಣಗಿಸಿ, ಸಣ್ಣ ಉರಿ ಮ್ಯಾಲ ಬೆಚ್ಚಗ ಮಾಡಿ ಬೀಸೂದು. ಮೊಳಕಿಯೊಳಗ ಹಿಟ್ಟನ್ನ ತೆಳು ಮಾಡೂ ಒಂದ ಗುಣ ಹುಟ್ಟತೈತಿ. ಅದರಿಂದ ಅದ ವಾಟಿಯೊಳಗ ಹೆಚ್ಚ ಹಿಟ್ಟ ಹಿಡಸತೈತಿ, ಆದ್ರೂ ಕೂಸಿಗೆ ನುಂಗಾಕ ಮೆತ್ತಗ. ಭಾಳ ಹುರದ್ರ ಆ ಗುಣ ಸಾಯತೈತಿ. 1980ರ ದಶಕದಾಗ ಮೈಸೂರಿನ ಅದ ಸಿ.ಎಫ್.ಟಿ.ಆರ್.ಐ.ದಾಗ ಮಲ್ಲೇಶಿ, ದೇಸಿಕಾಚಾರ್ ಅನ್ನೂವರು ಮೊಳಕಿ ನಾಚಣಿ, ಹೆಸರು ಕೂಡಿಸಿ ಕೂಸಿನ ಹಿಟ್ಟು ಮಾಡಿ ಇದನ್ನ ತೋರಿಸ್ಯಾರ.

ಹಿಚಕಿದ ಬಾಳಿಹಣ್ಣು, ಬೇಯಿಸಿದ ಗಜ್ಜರಿ, ಸೊಪ್ಪು ದಿನಾ ಒಂದೊಂದ ಇರಲಿ. ಉಣ್ಣೂ ಮನಿಯವರು ತತ್ತಿ, ಮೆತ್ತಗ ಅರದ ಮಟನ್, ಮೀನ ಕೊಡ್ರಿ, ಕಬ್ಬಿಣಕ್ಕ ಛಲೋ. ಹಳೇ ಗೃಹ್ಯಸೂತ್ರದಾಗೂ ಮೊದಲ ತುತ್ತಿಗೆ ಆಡಿನ ಮಾಂಸ, ಮೀನದ ಮಾತ ಐತಿ. ಉಣ್ಣದವರು ಬ್ಯಾಳಿ, ಸೊಪ್ಪಿಗೆ ನಾಕ ಹನಿ ಲಿಂಬಿರಸ ಹಾಕ್ರಿ, ಕಬ್ಬಿಣ ಮೈಗೆ ಹತ್ತತೈತಿ. ವರ್ಷದ ತನಕ ಉಪ್ಪು, ಸಕ್ಕರಿ, ಬೆಲ್ಲ, ಜೇನತುಪ್ಪ ಬ್ಯಾಡ. ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಗಂಟಲದಾಗ ಸಿಗತಾವ, ಸಣ್ಣ ಮಕ್ಕಳ ಕೈಗೆ ಕೊಡಲೇಬ್ಯಾಡ್ರಿ. ಕೂಸು ಮಾರಿ ತಿರುವಿದ್ರ ಜುಲುಮಿ ಮಾಡಬ್ಯಾಡ್ರಿ, ನಾಳೆ ಮತ್ತ ಕೊಡ್ರಿ. ಹೊಸಾ ರುಚಿ ಹಿಡಸಾಕ ಎಂಟ-ಹತ್ತ ಸಲ ಹಿಡದೀತು.

ಉಷ್ಟಾವಣ ಮಾಡ್ರಿ, ಬೆಳ್ಳಿ ವಾಟಿನೂ ತಗೀರಿ, ಮಾಮಾನ್ನೂ ಕರೀರಿ. ಮರುದಿವಸ ಆ ವಾಟಿ ಕಪಾಟಿಗೆ ಹೋಗಲಿ ಬಿಡ್ರಿ, ಸ್ಟೀಲಿನ ವಾಟಿ ಹೊರಗ ಬರಲಿ. ದಿನಾ ಬರಲಿ. ಮತ್ತ ನಿಮ್ಮ ಮನಿಯ ಹಿರೇರನ್ನ ಒಂದ ಮಾತ ಕೇಳಿ ನನಗ ಬರದ ಕಳಸ್ರಿ: ಅವರ ಕಾಲಕ್ಕ ಕೂಸಿಗೆ ಮೊದಲ ಕೊಟ್ಟದ್ದೇನು, ಎಷ್ಟನೇ ತಿಂಗಳಿಗೆ, ಅದರ ಮರುದಿವಸ ಏನ ಕೊಟ್ರು? ರಾಯಬಾಗದ ಮನ್ಯಾಗ ಒಂದ ಇರತೈತಿ, ಕಾಗವಾಡದ ಮನ್ಯಾಗ ಮತ್ತೊಂದ. ಕೇಳಿ ಬರದಿಡದಿದ್ರ ಅವರ ಜೋಡಿನ ಅದೂ ಹೋಗತೈತಿ.